ಊಟ ಆಯಿತೇ ಎಂದು ಕೇಳಿದರೆ ಸಾಲದು

(ನಮ್ಮ ಕನ್ನಡ ಕಾರ್ಯಕ್ರಮದ ಆರೋಗ್ಯ ಮಾಲಿಕೆಯಲ್ಲಿ ಪ್ರಸಾರವಾದ ಮಾತಿನ ಪಠ್ಯ)



ಮುಂಬಯಿಯಲ್ಲಿ ಮನೆ ಮಾಡಿಕೊಂಡ ಕನ್ನಡಿಗರಿಗೆ ಒಂದು ಕೆಲಸ ತಪ್ಪಿದ್ದಲ್ಲ. ಊರಿನಿಂದ ಚಿಕಿತ್ಸೆಗೆಂದು ಬಂದವರನ್ನು ಆಸ್ಪತ್ರೆಗೆ ಕರೆದೊಯ್ಯುವುದು. ಇಂದು ವಿಜಯಪುರದ ಸೋದರಮಾವ, ನಾಳೆ ಕಾರ್ಕಳದ ದೊಡ್ಡಮ್ಮ, ನಾಡಿದ್ದು ಊರಿನ ಮೇಷ್ಟ್ರು. ಪರೇಲಿನ ಟಾಟಾ ಆಸ್ಪತ್ರೆ 1941ರಲ್ಲಿ ಬಾಗಿಲು ತೆರೆಯಿತು. ಅಲ್ಲಿಗೆ ಬರುವ ದೂರದ ಊರಿನವರಲ್ಲಿ ನಮ್ಮ ಕಡೆಯವರೂ ಇದ್ದೇ ಇರುತ್ತಾರೆ. ಕೇಸ್ ಪೇಪರ್ ಮಾಡಿಸುವುದು, ಸಾಲಿನಲ್ಲಿ ನಿಲ್ಲುವುದು, ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸುವುದು, ಬೆಳಿಗ್ಗೆ ಸಂಜೆ ಡಬ್ಬಿ ಒಯ್ಯುವುದು, ಇದೆಲ್ಲ ನಿಮಗೆ ಹೊಸದಲ್ಲ. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯಲ್ಲಿರುವ ನಮ್ಮವರದ್ದೂ ಇದೇ ಕಥೆ.

ಇಂದಿನ ಮಾತು ಆ ಡಬ್ಬಿಯ ಬಗ್ಗೆ. ಅದರಲ್ಲಿ ಏನು ಒಯ್ದಿರಿ ಎನ್ನುವುದಕ್ಕಿಂತ, ವಾಪಸು ಬರುವಾಗ ಅದರಲ್ಲಿ ಎಷ್ಟು ಉಳಿದಿತ್ತು ಎನ್ನುವುದರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯೆಯಲ್ಲ. ಕನ್ನಡದಲ್ಲಿ ಬಿ.ಎ. ಓದಿ ಮೈಕಿನ ಮುಂದೆ ಕೂತವಳು. ಆದರೆ ಈ ವಿಷಯದಲ್ಲಿ ಭಾಷೆಗೂ ಒಂದು ಪಾಲಿದೆ. ಅದಕ್ಕೇ ಮಾತನಾಡುವ ಧೈರ್ಯ ಮಾಡಿದ್ದೇನೆ.

ಆಸ್ಪತ್ರೆಗೆ ಸೇರಿದ ರೋಗಿಗೆ ರಕ್ತ ಪರೀಕ್ಷೆ ಆಗುತ್ತದೆ, ಎಕ್ಸ್‌ರೇ ಆಗುತ್ತದೆ, ದಿನಕ್ಕೆ ಹಲವು ಬಾರಿ ಬಿ.ಪಿ. ನೋಡುತ್ತಾರೆ. ಇಷ್ಟೆಲ್ಲದರ ನಡುವೆ ಒಂದು ಸರಳ ಪ್ರಶ್ನೆ ಎಷ್ಟೋ ಸಲ ಹಿಂದೆ ಬೀಳುತ್ತದೆ. ಈ ಮನುಷ್ಯನ ಮೈಯಲ್ಲಿ ರೋಗದ ಜೊತೆ ಹೋರಾಡುವಷ್ಟು ಕಸುವು ಉಳಿದಿದೆಯೇ? ಸರಿಯಾಗಿ ಉಣ್ಣದೆ ಸೊರಗಿದ್ದಾನೆಯೇ? ಇದನ್ನು ಆರಂಭದಲ್ಲೇ ಕೇಳಿ, ಉತ್ತರಕ್ಕೆ ಅಂಕ ಹಾಕಿ, ಅಪಾಯ ಇರುವವರನ್ನು ಬೇರೆ ಗುರುತಿಸುವುದಕ್ಕೆ ವೈದ್ಯರು ನ್ಯೂಟ್ರಿಷನ್ ಸ್ಕ್ರೀನಿಂಗ್ ಎನ್ನುತ್ತಾರೆ. ಅಪೌಷ್ಟಿಕತೆಯ ತಪಾಸಣೆ ಎಂದರೆ ನಮಗೆ ಅರ್ಥವಾಗುತ್ತದೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಒಂದು ತೂಕದ ಯಂತ್ರ, ಒಂದು ಅಳತೆ ಟೇಪು, ಐದು ನಿಮಿಷ ಸಮಯ ಸಾಕು.

ಅಪೌಷ್ಟಿಕತೆ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಹೊಟ್ಟೆ ಉಬ್ಬಿದ, ಕೈಕಾಲು ಸಣಕಲಾದ ಮಗುವಿನ ಚಿತ್ರ. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ ದೊಡ್ಡವರಿಗೂ ಅದು ಬರುತ್ತದೆ, ಹಣವಿದ್ದವರಿಗೂ ಬರುತ್ತದೆ ಎಂದು ನಮಗೆ ಹೊಳೆಯುವುದೇ ಇಲ್ಲ. ರೋಗ ಹಸಿವನ್ನು ಕೊಲ್ಲುತ್ತದೆ. ಔಷಧಿ ಬಾಯಿಯ ರುಚಿ ಕೆಡಿಸುತ್ತದೆ. ಜ್ವರ, ಗಾಯ, ಸೋಂಕು ಇದ್ದಾಗ ಮೈ ತನ್ನ ಮಾಂಸಖಂಡವನ್ನೇ ಕರಗಿಸಿ ಉರಿಸುತ್ತದೆ. ಒಳಗೆ ಬರುವುದು ಕಡಿಮೆ, ಖರ್ಚು ಹೆಚ್ಚು. ಹೀಗಾದರೆ ಗಾಯ ಬೇಗ ಮಾಯುವುದಿಲ್ಲ, ಸೋಂಕು ಹತ್ತುತ್ತದೆ, ಬೆನ್ನಿನ ಮೇಲೆ ಹಾಸಿಗೆ ಹುಣ್ಣು ಏಳುತ್ತದೆ. ಉಸಿರಾಟದ ಸ್ನಾಯುಗಳೂ ಬಲಹೀನವಾಗುವುದರಿಂದ ಕೆಮ್ಮಿ ಕಫ ಹೊರಹಾಕುವ ಶಕ್ತಿಯೂ ಇರುವುದಿಲ್ಲ. ಕೀಮೋ ತಡೆದುಕೊಳ್ಳುವುದು ಕಷ್ಟವಾಗುತ್ತದೆ. ಆಸ್ಪತ್ರೆಯ ದಿನಗಳೂ ಬಿಲ್ಲೂ ಬೆಳೆಯುತ್ತವೆ.

ಇದು ಇಂದು ನಿನ್ನೆ ಕಂಡುಹಿಡಿದ ಸಂಗತಿಯಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲೇ, ಆಹಾರ ಹೇರಳವಾಗಿರುವ ಕಡೆಯೇ ರೋಗಿಗಳು ಹಸಿವಿನಿಂದ ನವೆಯುತ್ತಾರೆ, ಕಾರಣ ಅವರು ಹೇಗೆ ತಿನ್ನಬಲ್ಲರು ಎಂದು ಯಾರೂ ಗಮನಿಸುವುದಿಲ್ಲ ಎಂಬ ಅರ್ಥದ ಮಾತಿದೆ. 1974ರಲ್ಲಿ ಅಮೆರಿಕದ ಅಲಬಾಮಾದ ವೈದ್ಯ ಚಾರ್ಲ್ಸ್ ಬಟರ್‌ವರ್ತ್ ಅವರು, ಆಸ್ಪತ್ರೆಗಳು ಬೀರುವಿನಲ್ಲಿ ಬಚ್ಚಿಟ್ಟ ಅಸ್ಥಿಪಂಜರವೇ ಈ ಅಪೌಷ್ಟಿಕತೆ ಎಂದು ಲೇಖನ ಬರೆದು ವೈದ್ಯ ಲೋಕದಲ್ಲಿ ಗದ್ದಲ ಎಬ್ಬಿಸಿದರು. ರೋಗಿಯ ಎತ್ತರ, ತೂಕ ಬರೆದಿಡದೇ ಇರುವುದು, ಪರೀಕ್ಷೆಗಳಿಗೆಂದು ಪದೇ ಪದೇ ಉಪವಾಸ ಕೆಡಹುವುದು, ಸಲೈನ್ ಮೇಲೆಯೇ ದಿನ ದೂಡುವುದು ಅವರು ಎತ್ತಿ ತೋರಿಸಿದ ಲೋಪಗಳು.

ಇಪ್ಪತ್ತು ವರ್ಷಗಳ ನಂತರ, 1994ರಲ್ಲಿ, ಸ್ಕಾಟ್ಲೆಂಡಿನ ಡಂಡಿ ನಗರದಲ್ಲಿ ಹೊಸದಾಗಿ ಆಸ್ಪತ್ರೆಗೆ ಸೇರಿದ 500 ಮಂದಿಯನ್ನು ಅಳೆದು ನೋಡಿದ ಅಧ್ಯಯನ ಪ್ರಕಟವಾಯಿತು. ಅವರಲ್ಲಿ 200 ಮಂದಿಗೆ ಪೋಷಣೆಯ ಕೊರತೆ ಇತ್ತು. ಆ 200 ಮಂದಿಯಲ್ಲಿ ಕೇವಲ 96 ಮಂದಿಯ ದಾಖಲೆಯಲ್ಲಿ ಆಹಾರ, ಪೋಷಣೆಯ ಬಗ್ಗೆ ಏನಾದರೂ ಬರೆದಿತ್ತು. ಉಳಿದವರ ವಿಷಯದಲ್ಲಿ ಒಂದು ಸಾಲೂ ಇರಲಿಲ್ಲ. ಉಂಡುಟ್ಟು ಸುಖವಾಗಿರುವ ದೇಶದ ಮಾತು ಇದು ಎಂಬುದನ್ನು ನೆನಪಿಡಿ.

ಇದರಿಂದಾಗಿಯೇ ಬೇರೆ ಬೇರೆ ಕಡೆ ತಪಾಸಣೆಯ ಸುಲಭ ವಿಧಾನಗಳು ಹುಟ್ಟಿಕೊಂಡವು. ಅವುಗಳಲ್ಲಿ ಒಂದು ಬ್ರಿಟನ್ನಿನ ತಜ್ಞರು 2003ರಲ್ಲಿ ಹೊರತಂದ ‘ಮಸ್ಟ್’ ಎಂಬ ವಿಧಾನ. ಅದರ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಕಾಗದ ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ.

ಮೊದಲನೆಯದು, ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಬಿಎಂಐ. ಕಿಲೋ ಲೆಕ್ಕದ ತೂಕವನ್ನು, ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಸಂಖ್ಯೆ ಅದು. 20ಕ್ಕಿಂತ ಹೆಚ್ಚಿದ್ದರೆ ಸೊನ್ನೆ ಅಂಕ, 18.5ರಿಂದ 20ರೊಳಗೆ ಇದ್ದರೆ ಒಂದು, 18.5ಕ್ಕಿಂತ ಕಡಿಮೆಯಾದರೆ ಎರಡು. ಎರಡನೆಯದು, ಕಳೆದ ಮೂರರಿಂದ ಆರು ತಿಂಗಳಲ್ಲಿ ತಾನಾಗಿಯೇ ಇಳಿದ ತೂಕ. ನೂರಕ್ಕೆ 5ಕ್ಕಿಂತ ಕಡಿಮೆ ಇಳಿದಿದ್ದರೆ ಸೊನ್ನೆ, 5ರಿಂದ 10 ಇಳಿದಿದ್ದರೆ ಒಂದು, 10ಕ್ಕಿಂತ ಹೆಚ್ಚಾದರೆ ಎರಡು. ಮೂರನೆಯದು, ರೋಗ ತೀವ್ರವಾಗಿದ್ದು ಐದು ದಿನಕ್ಕಿಂತ ಹೆಚ್ಚು ಕಾಲ ಹೊಟ್ಟೆಗೆ ಏನೂ ಹೋಗಿಲ್ಲದಿದ್ದರೆ, ಅಥವಾ ಹೋಗುವ ಸಂಭವ ಇಲ್ಲದಿದ್ದರೆ, ಎರಡು. ಇವುಗಳನ್ನು ಕೂಡಿಸಿ. ಸೊನ್ನೆ ಬಂದರೆ ಸದ್ಯಕ್ಕೆ ಚಿಂತೆಯಿಲ್ಲ, ಆದರೆ ಆಸ್ಪತ್ರೆಯಲ್ಲಿ ಇರುವಷ್ಟು ಕಾಲ ವಾರಕ್ಕೊಮ್ಮೆ ಮತ್ತೆ ನೋಡಬೇಕು. ಒಂದು ಬಂದರೆ ಮೂರು ದಿನ ಏನು ತಿಂದರು ಎಂದು ಬರೆದಿಡಬೇಕು. ಎರಡು ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು, ಡಯಟೀಷಿಯನ್ ಬಂದು ನೋಡಬೇಕು.

ಉದಾಹರಣೆಗೆ ಐದು ಅಡಿ ಐದು ಅಂಗುಲ, ಅಂದರೆ ಸುಮಾರು 165 ಸೆಂಟಿಮೀಟರ್ ಎತ್ತರದ ಒಬ್ಬರು ಇದ್ದಾರೆ ಎನ್ನಿ. ದೀಪಾವಳಿಗೆ 60 ಕಿಲೋ ಇದ್ದವರು ಯುಗಾದಿಗೆ 53 ಕಿಲೋ ಆಗಿದ್ದಾರೆ. ಏಳು ಕಿಲೋ ಎಂದರೆ ನೂರಕ್ಕೆ ಸುಮಾರು 12ರಷ್ಟು ಇಳಿಕೆ, ಎರಡು ಅಂಕ. ಬಿಎಂಐ 19.5ರ ಹತ್ತಿರ, ಒಂದು ಅಂಕ. ಒಟ್ಟು ಮೂರು. ಅವರು ನೋಡುವುದಕ್ಕೆ ‘ಸ್ವಲ್ಪ ತೆಳ್ಳಗಾಗಿದ್ದಾರೆ’ ಅಷ್ಟೇ. ಲೆಕ್ಕ ಮಾತ್ರ ಬೇರೆಯೇ ಹೇಳುತ್ತಿದೆ.

ಈಗ ಅಷ್ಟೇ ಎತ್ತರದ ಇನ್ನೊಬ್ಬರು. ಮೊದಲು 82 ಕಿಲೋ, ಈಗ 72. ಮನೆಯವರೆಲ್ಲ ಒಳ್ಳೆಯದೇ ಆಯಿತು, ಹೊಟ್ಟೆ ಕರಗಿತು ಎನ್ನುತ್ತಾರೆ. ಬಿಎಂಐ 26, ಅಲ್ಲಿ ಸೊನ್ನೆ ಅಂಕ. ಆದರೆ ವ್ಯಾಯಾಮ, ಪಥ್ಯ ಏನೂ ಇಲ್ಲದೆ ನೂರಕ್ಕೆ 12ರಷ್ಟು ತೂಕ ಇಳಿದಿದೆ, ಅಲ್ಲಿಗೆ ಎರಡು ಅಂಕ. ಇವರೂ ಅಪಾಯದ ಪಟ್ಟಿಯಲ್ಲೇ. ದಪ್ಪಗಿರುವವರಿಗೆ ಅಪೌಷ್ಟಿಕತೆ ಇರದು ಎಂಬುದು ದೊಡ್ಡ ತಪ್ಪು ಕಲ್ಪನೆ. ಹಾಗೆಯೇ, ಕಾಲು ಬಾತಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ತೂಕದ ಯಂತ್ರ ಸುಳ್ಳು ಹೇಳುತ್ತದೆ. ನೀರಿನ ತೂಕವೂ ಅದರಲ್ಲಿ ಸೇರಿರುತ್ತದೆ.

ಎದ್ದು ನಿಲ್ಲಲಾಗದ ರೋಗಿಯನ್ನು ತೂಗುವುದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೂ ದಾರಿ ಇದೆ. ಎಡಗೈ ಮೇಲ್ತೋಳಿನ ಮಧ್ಯಭಾಗದ ಸುತ್ತಳತೆ 23.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಬಿಎಂಐ 20ಕ್ಕಿಂತ ಕೆಳಗೆ ಇರುವ ಸಾಧ್ಯತೆ ಹೆಚ್ಚು. ವಯಸ್ಸಾದವರಲ್ಲಿ ಮೀನಖಂಡದ ಸುತ್ತಳತೆ 31 ಸೆಂಟಿಮೀಟರಿಗಿಂತ ಕಡಿಮೆಯಾದರೆ ಎಚ್ಚರ ವಹಿಸುತ್ತಾರೆ. ಟೈಲರ್ ಬಳಸುವ ಟೇಪು ಇದಕ್ಕೆ ಸಾಕು. ಅಳತೆಯೇ ಇಲ್ಲದಿದ್ದಾಗ ಗುರುತುಗಳು ಇವೆ. ಬಳೆ ಮೊಣಕೈವರೆಗೆ ಏರುತ್ತದೆಯೇ? ಉಂಗುರಕ್ಕೆ ದಾರ ಸುತ್ತಬೇಕಾಯಿತೇ? ರವಿಕೆ ಸಡಿಲವಾಯಿತೇ? ಬೆಲ್ಟಿಗೆ ಹೊಸ ತೂತು ಕೊರೆಸಿದರೇ? ಹಲ್ಲಿನ ಸೆಟ್ಟು ಬಾಯಲ್ಲಿ ಅಲುಗಾಡುತ್ತಿದೆಯೇ? ಇವನ್ನು ಡಾಕ್ಟರಿಗಿಂತ ಮೊದಲು ಕಾಣುವವರು ನೀವು, ಮನೆಯವರು.

ಇದಕ್ಕಿಂತ ಸರಳವಾದ ಇನ್ನೊಂದು ವಿಧಾನ 1999ರಲ್ಲಿ ಆಸ್ಟ್ರೇಲಿಯಾದಿಂದ ಬಂತು. ಅದರಲ್ಲಿ ಇರುವುದು ಎರಡೇ ಪ್ರಶ್ನೆ. ಇತ್ತೀಚೆಗೆ ನೀವು ಪ್ರಯತ್ನಪಡದೆ ತೂಕ ಇಳಿದಿದೆಯೇ? ಹಸಿವಿಲ್ಲದೆ ಊಟ ಕಡಿಮೆಯಾಗಿದೆಯೇ? ಎರಡಕ್ಕೂ ಹೌದು ಎಂದರೆ ಅಪಾಯವಿದೆ ಎಂದು ಗುರುತು ಹಾಕುತ್ತಾರೆ. ತೂಕ ಇಳಿದಿದೆಯೋ ಇಲ್ಲವೋ ಗೊತ್ತಿಲ್ಲ ಎಂದು ರೋಗಿ ಹೇಳಿದರೂ ಆ ವಿಧಾನದಲ್ಲಿ ಎರಡು ಅಂಕ ಬೀಳುತ್ತದೆ, ಅಷ್ಟಕ್ಕೇ ಅವರು ಅಪಾಯದ ಪಟ್ಟಿಗೆ ಸೇರುತ್ತಾರೆ. ಗೊತ್ತಿಲ್ಲ ಎನ್ನುವುದನ್ನು ಸುರಕ್ಷಿತ ಎಂದು ಭಾವಿಸಬಾರದು ಎಂಬುದು ಅದರ ಹಿಂದಿನ ವಿವೇಕ.

ಕೇಳುಗರೇ, ಭಾಷೆಯ ಮಾತು ಬರುವುದು ಇಲ್ಲಿಯೇ. ಕನ್ನಡದಲ್ಲಿ ‘ಊಟ ಆಯಿತೇ’ ಎನ್ನುವುದು ಪ್ರಶ್ನೆಯಲ್ಲ, ಅದು ನಮಸ್ಕಾರದ ಹಾಗೆ. ಅದಕ್ಕೆ ‘ಆಯಿತು, ನಿಮ್ಮದು?’ ಎನ್ನುವುದು ನಮ್ಮ ಸಂಸ್ಕಾರ. ವಾರ್ಡಿಗೆ ಬಂದ ಸಿಸ್ಟರು ಮರಾಠಿಯಲ್ಲೋ ಹಿಂದಿಯಲ್ಲೋ ಊಟ ಆಯಿತೇ ಎಂದು ಕೇಳಿದರೆ, ಊರಿನ ಹಿರಿಯರು ಅರ್ಥವಾದರೂ ಆಗದಿದ್ದರೂ ‘ಹೂಂ’ ಎಂದು ತಲೆಯಾಡಿಸುತ್ತಾರೆ. ಎರಡು ತುತ್ತು ತಿಂದವರೂ ಹೂಂ, ಪೂರಾ ತಿಂದವರೂ ಹೂಂ. ಚಾರ್ಟಿನಲ್ಲಿ ಎಲ್ಲ ಸರಿ ಎಂದು ದಾಖಲಾಗುತ್ತದೆ. ಮಗಳಿಗೆ ಬೇಸರವಾದೀತು ಎಂದು ಅಮ್ಮ ಡಬ್ಬಿಯ ಅನ್ನವನ್ನು ಪಕ್ಕದ ಹಾಸಿಗೆಯವರಿಗೆ ಕೊಟ್ಟು ‘ನಾ ಉಂಡೆ’ ಎನ್ನುವುದೂ ಉಂಟು. ಪರರ ಊರಿನಲ್ಲಿ ಯಾರಿಗೂ ಹೊರೆಯಾಗಬಾರದು ಎಂಬ ಸಂಕೋಚ ನಮ್ಮವರಿಗೆ ಹೆಚ್ಚು.

ಆದ್ದರಿಂದ ಪ್ರಶ್ನೆ ಬದಲಿಸಬೇಕು. ‘ಊಟ ಆಯಿತೇ’ ಬಿಟ್ಟು ‘ಎಷ್ಟು ಉಂಡಿರಿ’ ಎಂದು ಕೇಳಿ. ‘ಮಾವಾ, ಜಾತ್ರೆ ಹೊತ್ತಿಗೆ ಎಷ್ಟು ರೊಟ್ಟಿ ತಿನ್ನತಿದ್ರಿ, ಈಗ ಎಷ್ಟು ತಿಂತೀರಿ’ ಎಂದು ಕೇಳಿ. ಮೂರು ರೊಟ್ಟಿಯಿಂದ ಒಂದಕ್ಕೆ ಇಳಿದಿದ್ದರೆ ಉತ್ತರ ಸಿಕ್ಕಿತು. ಕರಾವಳಿಯವರಾದರೆ ಅನ್ನದ ಸೌಟಿನ ಲೆಕ್ಕ ಕೇಳಿ. ‘ಬಾಯಿಗೆ ರುಚಿ ಇಲ್ಲ’ ಎಂದರೆ ರುಚಿ ಹೋಗಿದೆಯೋ, ಬಾಯಲ್ಲಿ ಹುಣ್ಣಿದೆಯೋ, ನುಂಗಲು ನೋವೋ, ಕೆಮ್ಮು ಬರುತ್ತದೆಯೋ ಎಂದು ಬಿಡಿಸಿ ಕೇಳಿ. ಉತ್ತರವನ್ನು ಸಿಸ್ಟರಿಗೆ, ಡಾಕ್ಟರಿಗೆ ಅವರ ಭಾಷೆಯಲ್ಲಿ ತಿಳಿಸಿ. ದುಭಾಷಿಯ ಕೆಲಸ ಮಾತ್ರೆಯ ಹೆಸರು ಹೇಳುವಲ್ಲಿಗೆ ಮುಗಿಯುವುದಿಲ್ಲ.

ಹೀಗೆ ಗುರುತಿಸಿದರೆ ನಿಜಕ್ಕೂ ಪ್ರಯೋಜನ ಇದೆಯೇ? ಇದೆ. ಸ್ವಿಟ್ಜರ್ಲೆಂಡಿನ ಎಂಟು ಆಸ್ಪತ್ರೆಗಳಲ್ಲಿ ಇಂಥ ತಪಾಸಣೆಯಿಂದ ಅಪಾಯದಲ್ಲಿದ್ದಾರೆ ಎಂದು ಕಂಡುಬಂದ 2,088 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಸ್ಪತ್ರೆಯ ಎಂದಿನ ಊಟ. ಇನ್ನೊಂದು ಗುಂಪಿಗೆ ಡಯಟೀಷಿಯನ್ ಕೂತು ಆ ರೋಗಿಗೆ ಎಷ್ಟು ಶಕ್ತಿ, ಎಷ್ಟು ಪ್ರೊಟೀನ್ ಬೇಕು ಎಂದು ಲೆಕ್ಕ ಹಾಕಿ ಮಾಡಿದ ಏರ್ಪಾಡು. 2019ರಲ್ಲಿ ಫಲಿತಾಂಶ ಬಂತು. ಮೂವತ್ತು ದಿನಗಳಲ್ಲಿ ತೀರಿಕೊಂಡವರು ಮೊದಲ ಗುಂಪಿನಲ್ಲಿ 100, ಎರಡನೆಯದರಲ್ಲಿ 73. ಎರಡೂ ಗುಂಪಿನಲ್ಲಿ ಸಾವಿರಕ್ಕೆ ಸ್ವಲ್ಪ ಹೆಚ್ಚು ಮಂದಿ ಇದ್ದರು. ವ್ಯತ್ಯಾಸ ಮಾಡಿದ್ದು ಗಮನವಿಟ್ಟು ಕೊಟ್ಟ ಊಟ.

ನಮ್ಮ ದೇಶದ ಉದಾಹರಣೆಯನ್ನೂ ಹೇಳಬೇಕು. ಕ್ಷಯ, ಅಂದರೆ ಟಿ.ಬಿ., ಮತ್ತು ಹಸಿವು ಅಕ್ಕತಂಗಿಯರಂತೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯ ರೋಗಿಗಳಿಗೆ ಔಷಧಿಯ ಜೊತೆ ತಿಂಗಳಿಗೆ 10 ಕಿಲೋ ಆಹಾರದ ಬುಟ್ಟಿ ಕೊಟ್ಟು ನೋಡಿತು. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಇದ್ದ ಬುಟ್ಟಿ. ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ನೂರಕ್ಕೆ 61ರಷ್ಟು ಕಡಿಮೆ ಇತ್ತು ಎಂದು 2023ರಲ್ಲಿ ಅವರು ವರದಿ ಮಾಡಿದರು. ರೋಗಿಯ ಮನೆಯವರಿಗೂ ಪಡಿತರ ಕೊಟ್ಟ ಕಡೆ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ 39ರಷ್ಟು ಇಳಿಯಿತು.

ಚೆನ್ನೈ ಕೇಳುಗರಿಗೆ ಹತ್ತಿರದ ಸಂಗತಿ ಇನ್ನೊಂದು. ತಮಿಳುನಾಡು 2022ರಲ್ಲಿ ಕ್ಷಯದ ಸಾವು ತಡೆಯುವ ಒಂದು ಯೋಜನೆ ಶುರು ಮಾಡಿತು. ರೋಗ ಪತ್ತೆಯಾದ ಕೂಡಲೇ ಪ್ರತಿ ವಯಸ್ಕ ರೋಗಿಯ ತೂಕ, ಎತ್ತರ, ಉಸಿರಾಟ, ಕಾಲಿನ ಬಾವು ನೋಡುವುದು, ಆಸರೆಯಿಲ್ಲದೆ ನಿಲ್ಲಬಲ್ಲರೇ ಎಂದು ನೋಡುವುದು. ಬಿಎಂಐ 14ರ ಆಸುಪಾಸಿಗೆ ಇಳಿದವರಂಥ ತೀರಾ ಅಪಾಯದವರನ್ನು ಮಾತ್ರೆ ಕೊಟ್ಟು ಮನೆಗೆ ಕಳಿಸದೆ ಆಸ್ಪತ್ರೆಗೆ ಸೇರಿಸುವುದು. ದುಬಾರಿ ಪರೀಕ್ಷೆ ಯಾವುದೂ ಇಲ್ಲ. ಇನ್ನು, ಕ್ಷಯ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕಾಗಿ ಕೇಂದ್ರ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿತು. ನಿಮ್ಮ ಪರಿಚಯದವರಲ್ಲಿ ಕ್ಷಯಕ್ಕೆ ಚಿಕಿತ್ಸೆ ಪಡೆಯುವವರಿದ್ದರೆ ಇದನ್ನು ತಪ್ಪದೆ ಕೇಳಿ ಪಡೆಯಲಿ.

ಇನ್ನು ನಮ್ಮ ಮನೆಗಳಲ್ಲಿ ಬೇರೂರಿದ ಕೆಲವು ನಂಬಿಕೆಗಳು. ಮೊದಲನೆಯದು, ‘ಗ್ಲೂಕೋಸ್ ಹಚ್ಚಿದ್ದಾರಲ್ಲ, ಊಟ ಯಾಕೆ’ ಎನ್ನುವುದು. ಅರ್ಧ ಲೀಟರಿನ ಮಾಮೂಲಿ ಐದು ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ಅದರಿಂದ ಸಿಗುವುದು 100ಕ್ಕಿಂತ ಕಡಿಮೆ ಕ್ಯಾಲೊರಿ, ಪ್ರೊಟೀನ್ ಏನೇನೂ ಇಲ್ಲ. ಬರೀ ಉಪ್ಪುನೀರಿನ ಸಲೈನ್ ಆದರೆ ಅಷ್ಟೂ ಇಲ್ಲ. ನೀರಿನ ಅಂಶ ಕಾಪಾಡಲು ಅದು ಬೇಕು, ಊಟಕ್ಕೆ ಅದು ಬದಲಿ ಅಲ್ಲ.

ಎರಡನೆಯದು, ರೋಗಿಗೆ ಗಂಜಿಯೇ ಪಥ್ಯ ಎಂಬುದು. ಗಂಜಿ ಹಗುರ, ಸುಲಭವಾಗಿ ಇಳಿಯುತ್ತದೆ, ಸರಿ. ಆದರೆ ವಾರಗಟ್ಟಲೆ ಬರೀ ತಿಳಿ ಗಂಜಿ ಕೊಟ್ಟರೆ ಹೊಟ್ಟೆ ತುಂಬುವುದು ನೀರಿನಿಂದ. ವೈದ್ಯರು ಬೇಡ ಎನ್ನದಿದ್ದರೆ ಅದೇ ಗಂಜಿಗೆ ಹೆಸರುಬೇಳೆ ಹಾಕಿ ಬೇಯಿಸಿ, ಒಂದು ಚಮಚ ತುಪ್ಪ ಬಿಡಿ. ರಾಗಿ ಅಂಬಲಿಗೆ ನೀರಿನ ಬದಲು ಹಾಲು ಸೇರಿಸಿ. ಒಂದು ಮೊಟ್ಟೆಯಲ್ಲೂ, ಒಂದು ಲೋಟ ಹಾಲಿನಲ್ಲೂ ಸುಮಾರು ಆರು ಗ್ರಾಂ ಪ್ರೊಟೀನ್ ಇರುತ್ತದೆ. ಮೂರು ಹೊತ್ತು ಒತ್ತಾಯದ ಊಟದ ಬದಲು ಆರು ಸಲ ಸ್ವಲ್ಪ ಸ್ವಲ್ಪ ಕೊಡಿ. ಮಧುಮೇಹ, ಕಿಡ್ನಿ, ಲಿವರ್ ತೊಂದರೆ ಇದ್ದವರಿಗೆ ಲೆಕ್ಕ ಬೇರೆ, ಅವರಿಗೆ ಡಯಟೀಷಿಯನ್ ಹೇಳಿದಂತೆಯೇ ಆಗಬೇಕು.

ಮೂರನೆಯದು ಇದರ ಉಲ್ಟಾ. ಬಹಳ ದಿನ ಏನೂ ತಿನ್ನದವರಿಗೆ ಪ್ರೀತಿಯಿಂದ ಒಮ್ಮೆಲೇ ಹೊಟ್ಟೆ ತುಂಬ ತಿನ್ನಿಸುವುದು. ಎರಡನೇ ಮಹಾಯುದ್ಧದ ಕೊನೆಗೆ ಬಿಡುಗಡೆಯಾದ, ಹಸಿದು ಕಂಗೆಟ್ಟ ಕೈದಿಗಳಲ್ಲಿ ಕೆಲವರು ಊಟ ಸಿಕ್ಕ ಮೇಲೆಯೇ ತೀರಿಕೊಂಡರು. ಖಾಲಿಯಾದ ಮೈಗೆ ಒಮ್ಮೆಲೇ ಆಹಾರ ಬಿದ್ದಾಗ ರಕ್ತದ ರಂಜಕ, ಪೊಟ್ಯಾಸಿಯಂ ಥಟ್ಟನೆ ಕುಸಿದು ಹೃದಯಕ್ಕೆ ತೊಂದರೆಯಾಗುತ್ತದೆ. ಐದಾರು ದಿನ ಹೊಟ್ಟೆಗೆ ಏನೂ ಹೋಗಿಲ್ಲ ಎಂದಾದರೆ ಅದನ್ನು ಡಾಕ್ಟರಿಗೆ ಹೇಳಿ, ಅವರು ಹೇಳಿದಂತೆ ಮೆಲ್ಲಗೆ ಏರಿಸಬೇಕು. ತಪಾಸಣೆ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ನಾಲ್ಕನೆಯದು ಖಾಲಿ ಹೊಟ್ಟೆಯ ಪರೀಕ್ಷೆಗಳು. ಬೆಳಿಗ್ಗೆಯಿಂದ ಉಪವಾಸ, ಮಧ್ಯಾಹ್ನಕ್ಕೆ ಪರೀಕ್ಷೆ ನಾಳೆಗೆ ಹೋಯಿತು ಎಂಬ ಸುದ್ದಿ, ಅಷ್ಟು ಹೊತ್ತಿಗೆ ವಾರ್ಡಿನ ಊಟದ ಗಾಡಿ ಹೋಗಿಯಾಗಿದೆ. ಇಂಥ ದಿನ ‘ಸಿಸ್ಟರ್, ಈಗ ತಿನ್ನಬಹುದೇ’ ಎಂದು ಕೂಡಲೇ ಕೇಳಿ. ನಿಮ್ಮಷ್ಟಕ್ಕೆ ನೀವು ಕೊಡಬೇಡಿ, ಕೇಳದೆಯೂ ಇರಬೇಡಿ.

ಮಾತು ಮುಗಿಸುವ ಮೊದಲು, ಆಸ್ಪತ್ರೆಗೆ ಹೋಗುವವರು ಮಾಡಬೇಕಾದ್ದು ಇಷ್ಟು. ಸೇರಿದ ದಿನವೇ ಎತ್ತರ, ತೂಕ ಬರೆಸಿ. ಆರು ತಿಂಗಳ ಹಿಂದಿನ ತೂಕ ಹಳೆಯ ಚೀಟಿಯಲ್ಲಿ ಇದ್ದರೆ ಅದನ್ನೂ ತೋರಿಸಿ. ಆಸ್ಪತ್ರೆಯ ಗುಣಮಟ್ಟ ನೋಡುವ ಎನ್‌ಎಬಿಎಚ್ ಮಾನದಂಡಗಳಲ್ಲೂ ದಾಖಲಾದ ರೋಗಿಯ ಪೋಷಣೆಯ ಅಗತ್ಯ ಗುರುತಿಸಬೇಕೆಂಬ ಅಂಶ ಇದೆ, ಹಾಗಾಗಿ ಕೇಳುವುದಕ್ಕೆ ಸಂಕೋಚ ಬೇಡ. ವಾರಕ್ಕೊಮ್ಮೆ ಮತ್ತೆ ತೂಕ ನೋಡಲು ಹೇಳಿ. ಒಂದು ಚಿಕ್ಕ ನೋಟುಬುಕ್ಕಿನಲ್ಲಿ ಪ್ರತಿ ಹೊತ್ತಿನ ಊಟ ಪೂರ್ತಿಯೋ, ಅರ್ಧವೋ, ಕಾಲೋ, ಸೊನ್ನೆಯೋ ಎಂದು ಬರೆದಿಡಿ. ಎರಡು ಮೂರು ದಿನ ಅರ್ಧಕ್ಕಿಂತ ಕಡಿಮೆಯಾದರೆ ಡಯಟೀಷಿಯನ್ ನೋಡಬೇಕೆಂದು ವಿನಂತಿಸಿ. ಮನೆಗೆ ಕಳಿಸುವ ದಿನದ ತೂಕವನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಊರಿಗೆ ಹೋದ ಮೇಲೆ ಅಲ್ಲಿನ ಡಾಕ್ಟರಿಗೆ ಅದು ಬೇಕಾಗುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಆರೋಗ್ಯವಂತರಿಗೆ. ರೋಗ ಬಂದವನ ಊಟವನ್ನು ಅವನ ಪಕ್ಕದಲ್ಲಿ ಕೂತವರು ಬಲ್ಲವರಾಗಿರಬೇಕು.

ನಿಮ್ಮ ಅನುಭವಗಳನ್ನು ಎಂದಿನಂತೆ ನಮಗೆ ಬರೆದು ತಿಳಿಸಿ. ಮುಂದಿನ ವಾರ ಇನ್ನೊಂದು ವಿಷಯದೊಂದಿಗೆ ಇದೇ ಹೊತ್ತಿಗೆ ಭೇಟಿಯಾಗೋಣ.